ದೊಡವಾಡದಿಂದ ಹುಬ್ಬಳ್ಳಿಗೆ, ಈ ಸಲ ರೈಲಿನಲ್ಲಿ

ಬೆಳಗಿನ ಆರೂವರೆಗೆ ದೊಡವಾಡದಲ್ಲಿ ಧಾರವಾಡದ ಬಸ್ಸು ಹತ್ತಿದಾಗ ಜಿಟಿಜಿಟಿ ಮಳೆ ಹಿಡಿದಿತ್ತು. ಪಕ್ಕದಲ್ಲಿ ನನ್ನ ಅತ್ತೆ. ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕನ್ನಡಕದ ನಂಬರು ನೋಡುವುದು ನನ್ನ ಕೆಲಸ. ಧಾರವಾಡದವರೆಗೆ ಕಿಟಕಿಯ ಸೀಟು ಸಿಗುತ್ತದೆ, ಹೇಗೋ ತಡೆದುಕೊಳ್ಳುತ್ತೇನೆ. ಅಲ್ಲಿಂದ ಮುಂದಿನ ಬಸ್ಸಿನಲ್ಲಿ ಗದ್ದಲದ ನಡುವೆ ನಿಂತು ಹೋಗುವಾಗ ಮಾತ್ರ ದಿನವೂ ವಾಂತಿ. ನಾನು ಕಡ್ಡಿಯಾಗುತ್ತಿರುವುದನ್ನು ನೋಡಿ ನಮ್ಮ ಯಜಮಾನರು ಕೆಲಸ ಬಿಡು ಎಂದು ಹಟ ಹಿಡಿದಿದ್ದರು. ಬಹಳ ಬೇಡಿಕೊಂಡ ಮೇಲೆ ಒಂದು ದಿನದ ಪರೀಕ್ಷೆಗೆ ಒಪ್ಪಿದರು. ಧಾರವಾಡದಿಂದ ರೈಲಿನಲ್ಲಿ ಹೋಗಿ ಬಂದು, ಸಂಜೆ ಎಂದಿನ ಬಸ್ಸಿಗೇ ಊರು ಮುಟ್ಟಬೇಕು. ಬಸ್ಸು ತಪ್ಪಿದರೆ ಮರುದಿನವೇ ರಾಜೀನಾಮೆ. ಅತ್ತೆ ತಾವೂ ಬರುವುದಾಗಿ ಹೇಳಿ ಹೊರಟೇಬಿಟ್ಟರು. ತಪ್ಪು ಹುಡುಕಲು ಬಂದಿದ್ದಾರೆ ಎಂದೇ ನಾನು ತಿಳಿದೆ.

ಧಾರವಾಡ ನಿಲ್ದಾಣದಲ್ಲಿ ಟಿಕೆಟ್ಟಿಗೆ ಹತ್ತು ರೂಪಾಯಿ. ಹೆಂಗಸರಿಗೆ ಬಸ್ಸು ಪುಕ್ಕಟೆ ಇರುವಾಗ ಇದೇನು ದಂಡ ಎಂದು ಅತ್ತೆ ಗೊಣಗಿದರು. ಆದರೂ ಪ್ಯಾಸೆಂಜರ್ ಬಂದೊಡನೆ ನನಗಿಂತ ಮೊದಲು ಹತ್ತಿ, ಕಿಟಕಿಯ ಪಕ್ಕ ಕರವಸ್ತ್ರ ಹಾಕಿ ಸೀಟು ಹಿಡಿದುಕೊಟ್ಟು ಇಳಿದರು. ಹಗಲೆಲ್ಲ ಧಾರವಾಡದ ತಂಗಿಯ ಮನೆಯಲ್ಲಿದ್ದು, ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತೇನೆಂದರು.

ರೈಲು ಹೊರಟ ಮೇಲೆ ನನಗೆ ನಂಬಿಕೆಯೇ ಬರಲಿಲ್ಲ. ಬ್ರೇಕಿನ ಜಗ್ಗಾಟವಿಲ್ಲ, ಮೈಮೇಲೆ ಬೀಳುವವರಿಲ್ಲ, ಕಿಟಕಿಯ ತುಂಬ ತಣ್ಣನೆಯ ಗಾಳಿ. ನವಲೂರಿನಲ್ಲಿ ಪೇರಲ ಹಣ್ಣಿನ ಬುಟ್ಟಿ ಹೊತ್ತ ಹೆಂಗಸರು ಹತ್ತಿದರು, ಬೋಗಿಯೆಲ್ಲ ಘಮಘಮ. ಧೈರ್ಯ ಮಾಡಿ ಬುತ್ತಿ ಬಿಚ್ಚಿ ರೊಟ್ಟಿ, ಹೆಸರುಕಾಳಿನ ಪಲ್ಯ ತಿಂದೆ. ಆಸ್ಪತ್ರೆ ಮುಟ್ಟುವ ಮೊದಲು ನಾನು ಏನಾದರೂ ತಿಂದು ಎಷ್ಟೋ ತಿಂಗಳಾಗಿತ್ತು. ಉಣಕಲ್ ದಾಟಿದರೂ ಹೊಟ್ಟೆ ತೊಳಸಲಿಲ್ಲ. ಹುಬ್ಬಳ್ಳಿಯಲ್ಲಿ ಇಳಿದಾಗ ಖುಷಿಗೆ ಕಣ್ಣು ತುಂಬಿ ಬಂತು.

ಆದರೆ ಸಂಜೆ ಮರಳುವಾಗ ಅದೇ ನವಲೂರಿನ ಹತ್ತಿರ ಸಿಗ್ನಲ್ ಸಿಗದೆ ರೈಲು ನಿಂತುಬಿಟ್ಟಿತು. ಬಸ್ಸಿನ ಹೊತ್ತು ಮೀರುತ್ತಿತ್ತು. ಅತ್ತೆಗೆ ಫೋನು ಮಾಡಿದರೆ, "ಓಡಬ್ಯಾಡ, ಸಾವಕಾಶ ಬಾ" ಎಂದಷ್ಟೇ ಹೇಳಿ ಇಟ್ಟರು. ಧಾರವಾಡದಲ್ಲಿ ಇಳಿದು ಆಟೋ ಹಿಡಿದೆ. ನನ್ನ ಕೆಲಸ ಹೋದಂತೆಯೇ ಎಂದುಕೊಂಡೆ.

ಬಸ್ಸು ಹೋಗಿರಲಿಲ್ಲ. ಎಂಜಿನ್ ಗುರುಗುಡುತ್ತ ನಿಂತಿತ್ತು. ಬಾಗಿಲಲ್ಲಿ ಅತ್ತೆ, ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ, ಎರಡೂ ಕೈಯಲ್ಲಿ ಸರಳು ಹಿಡಿದಿದ್ದರು. ಹಿಂದೆ ಉಳಿದವರಿಗಾಗಿ ಬಸ್ಸು ತಡೆಯಲು ನಮ್ಮ ಕಡೆ ಎಲ್ಲರೂ ಬಲ್ಲ ಉಪಾಯವಿದು. ಹತ್ತಿರಿ ಎಂದರೆ ಹತ್ತಿಲ್ಲ, ಇಳಿಯಿರಿ ಎಂದರೆ ಇಳಿದಿಲ್ಲ. ನನ್ನನ್ನು ಕಂಡ ಮೇಲೆಯೇ ಅವರು ಎರಡನೆಯ ಕಾಲು ಎತ್ತಿ ಒಳಗಿಟ್ಟದ್ದು.

"ದಿನಾ ಹಿಂಗ ಬಸ್ ನಿಂದ್ರಸಾಕ ಆಗೂದಿಲ್ಲರಿ ಅಮ್ಮಾರ" ಎಂದು ಕಂಡಕ್ಟರ್ ಸಿಡುಕಿದ.

ಅತ್ತೆ ನನ್ನನ್ನು ಸೀಟಿಗೆ ಕೂಡಿಸಿ, ಸೆರಗು ಸರಿಮಾಡಿಕೊಂಡು, ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು: "ದಿನಾ ಯಾಕ ನಿಂದ್ರಸ್ತಿ ತಮ್ಮಾ? ಇವತ್ತೊಂದಿನಾ ಬಸ್ ತಪ್ಪಿದ್ರ ನನ್ನ ಮಗಾ ಇಕಿ ನೌಕರಿ ಬಿಡಸ್ತಿದ್ದಾ. ನಾಳಿಂದ ತಡಾ ಆದ್ರ ಅವನ್ನ ಯಾರ್ ಕೇಳ್ತಾರ?"