ಸದ್ದಿಲ್ಲದ ದಿಕ್ಕು

ಸ್ಪ್ಯಾನಿಷ್‌ನಲ್ಲಿ 'ಓಹೇಓ' ಎಂಬ ಪದವಿದೆ. ಬೇಟೆಯ ಮಾತು. ಜನ ಕೂಗುತ್ತ, ಪೊದೆ ಬಡಿಯುತ್ತ ಮೊಲವನ್ನೋ ಹಕ್ಕಿಯನ್ನೋ ಎಬ್ಬಿಸಿ ಬೇಟೆಗಾರನ ಕಡೆ ಅಟ್ಟುವುದು. ಕೋಳಿ ಓಡಿಸುವಾಗ ನಾವು 'ಹುಶ್' ಅನ್ನುತ್ತೇವಲ್ಲ, ಅಂಥದೇ ಒಂದು ಕೂಗಿನಿಂದ ಹುಟ್ಟಿದ್ದಂತೆ. ಕೂಗುವವರಿಗೆ 'ಓಹೆಅದೋರೆಸ್' ಎಂದು ಬೇರೆಯೇ ಹೆಸರು. ಅವರ ಕೈಯಲ್ಲಿ ಬಂದೂಕಿರುವುದಿಲ್ಲ. ಬಂದೂಕಿನವನು ಸದ್ದಿಲ್ಲದ ಕಡೆ ನಿಂತಿರುತ್ತಾನೆ. ಮೊನ್ನೆ ಅಕ್ಕಲಕೋಟದ ಗಂಡನ ಮನೆಯಲ್ಲಿ, ಹಾಲು ಉಕ್ಕದಂತೆ ಕಾಯುತ್ತ, ಮೊಬೈಲಿನಲ್ಲಿ ಇದನ್ನು ಓದಿದೆ. ಮೈಯೆಲ್ಲ ಉರಿದುಹೋಯಿತು.

ಮದುವೆಗೆ ಮುಂಚೆ ನಾನು ಸೊಲ್ಲಾಪುರದ ತವರಿನಲ್ಲಿದ್ದೆ. ಟವೆಲ್ ರಫ್ತು ಮಾಡುವ ಆಫೀಸೊಂದರವರು, ಸ್ಪ್ಯಾನಿಷ್ ಕಲಿತು ಬಂದರೆ ಕೆಲಸ ಕೊಡುತ್ತೇವೆ ಎಂದಿದ್ದರು. ಆನ್‌ಲೈನ್ ಕ್ಲಾಸು ಅರ್ಧ ಮುಗಿದಿತ್ತು. ಅಷ್ಟರಲ್ಲಿ ಅಕ್ಕಲಕೋಟದಿಂದ ಒಂದು 'ಸ್ಥಳ' ಬಂತು. ವರನಿಗೂ ಅವನ ಮನೆತನಕ್ಕೂ ಸೇರಿಸಿ ನಮ್ಮಲ್ಲಿ ಹಾಗೆನ್ನುತ್ತಾರೆ. ಸೊಸೆ ನೌಕರಿ ಮಾಡಬಾರದು, ಅದೊಂದೇ ಅವರ ಷರತ್ತು. ಅದೊಂದೇ ಅಂತೆ!

ಶುರುವಾಯಿತು ನೋಡಿ. ಅವ್ವ ರೊಟ್ಟಿ ಬಡಿಯುತ್ತಲೇ ಅಳುವಳು. ಅಪ್ಪನ ಅಕ್ಕ, ನಮ್ಮ ಅತ್ತೆ, ಕುಂಭಾರಿಯಿಂದ ಬಸ್ಸು ಹತ್ತಿ ಬಂದು ಕೂಗಾಡುವಳು: "ಇಂಥಾ ಸ್ಥಳ ಮತ್ತ ಸಿಗತದೇನ? ಭಾಳ ಸೊಕ್ಕು ಬಂದದ ನಿನಗ!" ಅಣ್ಣನ ಹೆಂಡತಿಗೆ ಇದೆಲ್ಲ ತಮಾಷೆ. "ಸ್ಪೇನಿನ ರಾಜಾ ಕುದುರಿ ಮ್ಯಾಲ ಬರ್ತಾನಂತ ಕುಂತಾಳ, ಬಿಡ್ರಿ ಅತ್ತಿ," ಎಂದು ನಗುವಳು. ಮೂರು ಕೋಣೆಯ ಮನೆ, ಎಲ್ಲಿ ಹೋದರೂ ಒಬ್ಬರ ಬಾಯಿ. ಒಂದೊಂದು ದಿನ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿರುತ್ತಿದ್ದೆ.

ಅಪ್ಪ ಒಬ್ಬರೇ ಒಂದು ಮಾತೂ ಆಡಿರಲಿಲ್ಲ. ಸಂಜೆಯಾದರೆ ಹೋಗಿ ಅವರ ಪಕ್ಕ ಕೂರುತ್ತಿದ್ದೆ. ಅವರು ಪೇಪರು ಓದುವರು, ನಾನು ಪಾಠ ಕೇಳುವೆ. ಅಪ್ಪ ನನ್ನ ಕಡೆ ಎಂದೇ ನಂಬಿದ್ದೆ.

ಒಂದು ಗುರುವಾರ, "ದರ್ಶನಕ್ಕ ಹೋಗಿ ಬರೂಣು, ನಡಿ," ಎಂದು ಅಪ್ಪ ನನ್ನೊಬ್ಬಳನ್ನೇ ಕರೆದುಕೊಂಡು ಅಕ್ಕಲಕೋಟದ ಬಸ್ಸು ಹತ್ತಿದರು. ಗುರುವಾರ ಅಲ್ಲಿನ ಗುಡಿಗೆ ಸೊಲ್ಲಾಪುರದಿಂದ ಜನ ಹೋಗುವುದು ಇದ್ದದ್ದೇ. ಕಿಟಕಿ ಪಕ್ಕ ನನ್ನನ್ನು ಕೂರಿಸಿದರು. ಎಷ್ಟೋ ದಿನಗಳ ಮೇಲೆ ಜೀವ ಹಗುರವಾಗಿತ್ತು. ವಳಸಂಗ ದಾಟಿದ ಮೇಲೆ ಧೈರ್ಯ ಮಾಡಿ, "ಅಪ್ಪಾ, ಅವರಿಗೆ ಬ್ಯಾಡಂತ ನೀವ ಹೇಳಿಬಿಡ್ರಿ. ನಾ ನೌಕರಿ ಮಾಡ್ತೀನಿ," ಎಂದೆ.

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು. ಮೆತ್ತಗೆ ಹೇಳಿದರು: "ಹೋದ ವಾರನ ಹ್ಞೂಂ ಅಂದೀನವ್ವಾ. ಅವರೆಲ್ಲಾ ಗುಡ್ಯಾಗ ಕಾಯಾಕತ್ತಾರ. ಸೆರಗ ಸರಿ ಮಾಡ್ಕೊ."

ಹಾಗೆಂದದ್ದು ಕುಂಭಾರಿಯ ಅತ್ತೆಯಾಗಿದ್ದರೆ ಜಗಳಾಡುತ್ತಿದ್ದೆ. ಸೆರಗು ಸರಿ ಮಾಡಿಕೊಂಡೆ.