ಬ್ರೇಕಿಗೆ ಶ್ರೀನಿವಾಸಪುರವೋ, ಕೋಲಾರವೋ

ಮುಳಬಾಗಿಲಿನ ಸೊಣ್ಣಪ್ಪನಿಗೆ ತನ್ನ ಅಂಬಾಸಿಡರ್ ಕಾರಿನ ಬ್ರೇಕು ಸವೆದಿರುವುದು ಗೌರಿ ಹಬ್ಬಕ್ಕೆ ಮೊದಲೇ ಗೊತ್ತಾಗಿತ್ತು. ಹದಿಮೂರು ವರ್ಷ ಒಂದೇ ಗಾಡಿ ಓಡಿಸಿದವನಿಗೆ ಇಂಥದ್ದನ್ನು ಯಾರೂ ಬಂದು ಹೇಳಬೇಕಾಗಿಲ್ಲ, ಕಾಲೇ ಹೇಳುತ್ತದೆ. ಎರಡು ಸಲ ತುಳಿದರೂ ಗಾಡಿ ಮನಸ್ಸಿಲ್ಲದ ಮನಸ್ಸಿನಿಂದ ನಿಲ್ಲುತ್ತಿತ್ತು, ಅದೂ ಎಡಕ್ಕೆ ಎಳೆದುಕೊಂಡು. ಆ ಗಾಡಿಯಲ್ಲಿ ದಿನಾ ನಾಲ್ವರು ಮೇಡಂಗಳು ಆವನಿ ಕಡೆಯ ಶಾಲೆಗಳಿಗೆ ಹೋಗಿ ಬರಬೇಕು. ನಾಲ್ಕು ಮನೆಯ ಹೆಣ್ಣುಮಕ್ಕಳ ಜೀವ ತನ್ನ ಬಲಗಾಲಿನ ಕೆಳಗಿದೆ ಎಂದು ಸೊಣ್ಣಪ್ಪ ದಿನವೂ ನೆನೆಯುತ್ತಿದ್ದ. ನೆನೆದು, ಸುಸ್ತಾಗಿ, ಮತ್ತೆ ಗಾಡಿ ತೆಗೆಯುತ್ತಿದ್ದ. ಆಯುಧಪೂಜೆಗೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದನೇ ಹೊರತು ಒಂದು ಚಕ್ರವನ್ನೂ ಬಿಚ್ಚಿಸಲಿಲ್ಲ.

ಹೊಸದು ಹಾಕಿಸಬೇಕು, ಸರಿ. ಎಲ್ಲಿ ಹಾಕಿಸುವುದು? ಶ್ರೀನಿವಾಸಪುರದಲ್ಲಿ ಗ್ಯಾರೇಜ್ ಇಟ್ಟಿರುವ ಆಂಜಿ ಅವನ ಬಾಮೈದ, ಹೆಂಡತಿ ಮುನಿಯಲ್ಲಮ್ಮನ ತಮ್ಮ. ಗಾಡಿ ಕೊಂಡ ವರ್ಷ ಇಂಜಿನ್ ಕೈಕೊಟ್ಟಾಗ ಊಟ ನಿದ್ದೆ ಬಿಟ್ಟು ಸರಿಮಾಡಿಕೊಟ್ಟವನು. ಅಂದಿನಿಂದ ಆ ಗಾಡಿಯ ಒಂದು ನಟ್ಟನ್ನೂ ಬೇರೆಯವರು ಮುಟ್ಟಿರಲಿಲ್ಲ. ಆದರೆ ಈಚೆಗೆ ಅವನ ಕೈಯ ಕೆಲಸ ಕೆಟ್ಟಿತ್ತು. ಸಂಕ್ರಾಂತಿಯಲ್ಲಿ ಅವನು ಹಾಕಿಕೊಟ್ಟ ಬ್ರೇಕೇ ಈಗ ಹೀಗಾಗಿರುವುದು. ಕೋಲಾರದ ಶ್ರೀನಿವಾಸಪ್ಪನ ಗ್ಯಾರೇಜಿಗೆ ಹೋದರೆ ಆಂಜಿಯ ಮರ್ಯಾದೆ ಬೀದಿಗೆ ಬರುತ್ತದೆ. ಮುಳಬಾಗಿಲಲ್ಲೇ ಬಿಚ್ಚಿಸೋಣವೆಂದರೆ ಸಂಜೆಯೊಳಗೆ ಶ್ರೀನಿವಾಸಪುರಕ್ಕೆ ಸುದ್ದಿ ಮುಟ್ಟುತ್ತದೆ.

ಒಮ್ಮೆ ಮನಸ್ಸು ಗಟ್ಟಿಮಾಡಿ ಕೋಲಾರಕ್ಕೇ ಎಂದುಕೊಂಡ. ಬಿಡುವಾಗುವುದು ಶನಿವಾರ ಮಧ್ಯಾಹ್ನ ಮಾತ್ರ. ಶನಿವಾರ ಕಬ್ಬಿಣದ ಸಾಮಾನು ಕೊಳ್ಳಲೇಬಾರದೆಂದು ಮುನಿಯಲ್ಲಮ್ಮನ ಪಟ್ಟು. ಭಾನುವಾರ ಅಂಗಡಿಗಳಿಗೆ ರಜ. ಹೀಗೆ ಶನಿದೇವರ ಹೆಸರಿನಲ್ಲಿ ಮೂರು ತಿಂಗಳು ಕಳೆಯಿತು. ನಿಜ ಹೇಳಬೇಕೆಂದರೆ ಹೆಂಡತಿಗೆ ಬೇಕಾಗಿದ್ದದ್ದು ಶಾಸ್ತ್ರ, ಗಂಡನಿಗೆ ಬೇಕಾಗಿದ್ದದ್ದು ನೆಪ.

ಕಾರ್ತಿಕದ ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಮೇಡಂಗಳನ್ನು ಕರೆತರುವಾಗ, ಇಳಿಜಾರಿನಲ್ಲಿ ಮುಂದೆ ಹೋಗುತ್ತಿದ್ದ ಟೊಮೊಟೊ ಟೆಂಪೋ ಗಕ್ಕನೆ ನಿಂತಿತು. ಸೊಣ್ಣಪ್ಪ ಬ್ರೇಕ್ ತುಳಿದ. ಕಾಲು ತಳಕ್ಕೆ ಹೋಯಿತು. ಮತ್ತೆ ತುಳಿದ, ಏನೂ ಇಲ್ಲ. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಕಿತ್ತು ಬರುವಂತೆ ಎಳೆದು, ಗಾಡಿಯನ್ನು ಪಕ್ಕದ ಮಣ್ಣಿನ ದಿಬ್ಬಕ್ಕೆ ಹತ್ತಿಸಿದ. ಯಾರಿಗೂ ಪೆಟ್ಟಾಗಲಿಲ್ಲ.

ಮೇಡಂಗಳಲ್ಲಿ ಹಿರಿಯರಾದ ಆದಿಲಕ್ಷ್ಮಮ್ಮ ಕೂಗಾಡಲಿಲ್ಲ. ಕೆಳಗಿಳಿದು ಸೀರೆ ಸರಿಮಾಡಿಕೊಂಡು ಕೇಳಿದರು: "ಸೊಣ್ಣಪ್ಪ, ಸೋಮವಾರ ನಾವು ಈ ಗಾಡಿ ಹತ್ತಬೇಕಾ, ಬೇಡ್ವಾ? ನೀವೇ ಹೇಳ್ಬಿಡಿ."

"ಹತ್ತಬೇಡಿ ಮೇಡಂ," ಎಂದ ಸೊಣ್ಣಪ್ಪ. ಮೂರು ತಿಂಗಳಲ್ಲಿ ಅವನ ಬಾಯಿಂದ ಬಂದ ಮೊದಲ ನಿಜ ಅದು.

ಅವರನ್ನು ಬಸ್ಸು ಹತ್ತಿಸಿದ ಮೇಲಾದರೂ ಮಹಾರಾಯ ಯಾರಿಂದಾದರೂ ಗಾಡಿ ಎಳೆಸಿಕೊಂಡು ಹೋಗಬೇಡವೇ? ಆಂಜಿಗೆ ಒಂದು ಮಾತು ಹೇಳದೆ ಕೋಲಾರಕ್ಕೆ ಹೋಗಲು ಮನಸ್ಸು ಬರಲಿಲ್ಲ. ಬ್ರೇಕಿಲ್ಲದ ಗಾಡಿಯನ್ನು ಮೊದಲ ಗೇರು, ಎರಡನೇ ಗೇರಿನಲ್ಲಿ ತೆವಳಿಸುತ್ತ ಶ್ರೀನಿವಾಸಪುರಕ್ಕೆ ಒಯ್ದ. ದಾಕ್ಷಿಣ್ಯಕ್ಕೂ ಒಂದು ಮಿತಿ ಬೇಡವೇ?

ಆಂಜಿ ಗ್ಯಾರೇಜಿನ ಮುಂದೆ ಬೀಡಿ ಸೇದುತ್ತಾ ಕೂತಿದ್ದ. ನಡೆದದ್ದನ್ನೆಲ್ಲ ಕೇಳಿದ. ಸೊಣ್ಣಪ್ಪ "ಕೋಲಾರ" ಎಂಬ ಮಾತನ್ನು ಹೇಗೆ ಎತ್ತುವುದೆಂದು ತಡವರಿಸುತ್ತಿರುವಾಗ ಅವನೇ ಎದ್ದು ನಿಂತ.

"ಕೋಲಾರಕ್ಕೇ ಹೋಗಾಣ ಬಾವ. ನಾನೂ ಬರ್ತೀನಿ."

"ಬೇಜಾರಿಲ್ವೇನ್ಲಾ?"

"ಪರವಾಲೇದು ಬಾವ, ನಡಿ."

ಗಾಡಿ ಹಾಗೇ ತೆವಳುತ್ತ ಕೋಲಾರ ಮುಟ್ಟಿದ ಮೇಲೆ ಶ್ರೀನಿವಾಸಪ್ಪ ಚಕ್ರ ಬಿಚ್ಚಿ ಡ್ರಮ್ಮು ಕಳಚಿದ. ಒಳಗೆಲ್ಲ ಬ್ರೇಕ್ ಆಯಿಲ್ ಸೋರಿ, ಲೈನಿಂಗು ನೆಂದು ಮೆತ್ತಗಾಗಿತ್ತು. ಆಯಿಲ್ ತಡೆಯಬೇಕಾದ ರಬ್ಬರ್ ಬಿಲ್ಲೆ ಮಡಚಿಕೊಂಡು ಕೂತಿತ್ತು. ಅವನು ಅದನ್ನು ಬೆರಳಲ್ಲಿ ಎತ್ತಿ ತೋರಿಸಿದ.

"ಯಾವನ್ರೀ ಇದನ್ನ ಕೂರಿಸಿದ್ದು? ಸಾಯಕ್ಕೇ ಹೊರಟಿದ್ರಾ?"

"ಯಾರೋ ದಾರೀಲಿ ಹಾಕಿದ್ರು," ಎಂದ ಸೊಣ್ಣಪ್ಪ, ನೆಲ ನೋಡುತ್ತಾ.

"ದಾರೀಲಿ ಅಲ್ಲಣ್ಣ, ನಾನೇ ಹಾಕಿದ್ದು," ಎಂದ ಆಂಜಿ. "ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದೈತೆ. ಎರಡು ವರ್ಷ ಆಯ್ತು, ಎಲ್ಲಾ ಮಂಜುಮಂಜು. ಕೈಯಲ್ಲಿ ತಡವಿ ತಡವಿ ಕೂರಿಸ್ತಿದ್ದೆ."

ಶ್ರೀನಿವಾಸಪ್ಪ ಬಿಲ್ಲೆಯನ್ನು ಕೆಳಗಿಟ್ಟ. ಸುತ್ತಲಿದ್ದ ನಾಲ್ಕೈದು ಮೆಕ್ಯಾನಿಕ್ಕುಗಳೂ ಕೇಳಿಸಿಕೊಂಡಿದ್ದರು. ಕೆಲಸ ಮುಗಿಯುವವರೆಗೆ ಆಂಜಿ ಒಂದು ಹಳೇ ಟಯರಿನ ಮೇಲೆ ಕೈಕಟ್ಟಿ ಕೂತಿದ್ದ.

ವಾಪಸ್ಸು ಬರುವಾಗ ಬ್ರೇಕು ಗಟ್ಟಿಯಾಗಿತ್ತು. ಸೊಣ್ಣಪ್ಪನಿಗೆ ಬಾಮೈದನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ ಬಂತು.

"ಮೊದ್ಲೇ ಹೇಳಬಾರ್ದಿತ್ತೇನ್ಲಾ?"

"ಕೆಲ್ಸ ಸರಿಯಿಲ್ಲ ಅಂತ ನೀನು ಬೈತೀಯ, ಆವಾಗ ಹೇಳಾಣ ಅಂತಿದ್ದೆ. ನೀನು ಒಂದು ದಿನಾನೂ ಬೈಲೇ ಇಲ್ಲ ಬಾವ."

ಸ್ವಲ್ಪ ದೂರ ಹೋದ ಮೇಲೆ ಆಂಜಿ, "ಸೋಮವಾರದಿಂದ ಅಂಗಡಿ ಬಾಗಿಲು ತೆಗೆಯಲ್ಲ," ಎಂದ. ತೆಗಿ ಎನ್ನಲು ಸೊಣ್ಣಪ್ಪನಿಗೆ ಧೈರ್ಯವಿರಲಿಲ್ಲ, ತೆಗೆಯಬೇಡ ಎನ್ನಲು ಬಾಯಿ ಬರಲಿಲ್ಲ. ಶ್ರೀನಿವಾಸಪುರದ ಗ್ಯಾರೇಜಿನ ಮುಂದೆ ಬ್ರೇಕ್ ತುಳಿದಾಗ ಗಾಡಿ ಒಂದೇ ಸಲಕ್ಕೆ ನೆಟ್ಟಗೆ ನಿಂತಿತು.