ಮಾವನ ಮಂಚದ ಪಕ್ಕದ ಓದು

ನಾನು ನರ್ಸಿಂಗ್ ಓದಬೇಕು ಎಂದು ಮೊದಲು ಹೇಳಿದವಳು ನಾನಲ್ಲ. ಮಾವನ ಬೆನ್ನಿನ ಹುಣ್ಣು ನೋಡಲು ಅಂಕೋಲಾ ಹತ್ತಿರದ ಅವರ್ಸಾದ ನಮ್ಮ ಮನೆಗೆ ಆಗಾಗ ಬರುತ್ತಿದ್ದ ಆರೋಗ್ಯ ಕೇಂದ್ರದ ಸಿಸ್ಟರ್.

ಮಾವ ತೆಂಗಿನಕಾಯಿ ಕೊಯ್ಯುವವರು. ಸುತ್ತಲಿನ ಹತ್ತಾರು ತೋಟಗಳಲ್ಲಿ ಅವರಿಗೆ ಹತ್ತಿ ಇಳಿದು ಪರಿಚಯವಿಲ್ಲದ ಮರವಿರಲಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದು ವರ್ಷ ತುಂಬುವ ಮೊದಲೇ ಅವರು ಮರದಿಂದ ಬಿದ್ದರು. ಜೀವ ಉಳಿಯಿತು, ಸೊಂಟದ ಕೆಳಗೆ ಮಾತ್ರ ಏನೂ ಗೊತ್ತಾಗದಂತಾಯಿತು. ನೋಡಲು ಬಂದ ಹೆಂಗಸರು ಜಗಲಿಯಲ್ಲಿ ಕುಳಿತು ಹೊಸ ಸೊಸೆಯ ಕಾಲ್ಗುಣದ ಮಾತು ಎತ್ತಿದ್ದರು. ಒಳಗೆ ಮಲಗಿದ್ದ ಮಾವನಿಗೆ ಅದು ಕೇಳಿಸಿತು.

"ಹತ್ತಿದ್ದು ನಾ, ಜಾರಿದ್ದು ನನ್ನ ಕಾಲು. ಆ ಹುಡ್ಗಿ ಕಾಲ್ಗೂ ಇದ್ಕೂ ಎಂತ ಸಂಬಂಧ?" ಎಂದರು, ಹೊರಗಿನವರಿಗೆ ಕೇಳುವ ಹಾಗೆ. ಆಮೇಲೆ ಯಾರೂ ಆ ಮಾತು ಆಡಲಿಲ್ಲ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅವತ್ತು.

ಗಂಡ ಕೈಗಾದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದರು. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಕತ್ತಲಾದ ಮೇಲೆ. ಅತ್ತೆ ಗದ್ದೆ ಕೂಲಿ ಬಿಟ್ಟರೆ ಮನೆ ನಡೆಯುವಂತಿರಲಿಲ್ಲ. ಹಾಗಾಗಿ ಹಗಲೆಲ್ಲ ಮಾವ, ನಾನು, ಇಬ್ಬರೇ. ಹೊತ್ತಿಗೆ ಸರಿಯಾಗಿ ಅವರನ್ನು ಮಗ್ಗುಲು ಬದಲಿಸುವುದು, ಮೂತ್ರದ ಚೀಲ ಖಾಲಿ ಮಾಡುವುದು, ಹುಣ್ಣು ತೊಳೆದು ಬಟ್ಟೆ ಕಟ್ಟುವುದು, ಎಲ್ಲವನ್ನೂ ಸಿಸ್ಟರ್ ಹೇಳಿಕೊಟ್ಟರು. ಮೊದಮೊದಲು ಮಾವ ನಾಚಿಕೆಯಿಂದ ಗೋಡೆಯ ಕಡೆ ಮುಖ ಮಾಡುತ್ತಿದ್ದರು. ನನ್ನ ತವರು ಕಾರವಾರದ ಹತ್ತಿರ, ಮನೆಮಾತು ಕೊಂಕಣಿ. ನನ್ನ ಕನ್ನಡ ಶಾಲೆಯ ಪುಸ್ತಕದ ಕನ್ನಡ. "ಮಾವ, ತಾವು ಈಗ ಎಡಮಗ್ಗುಲಿಗೆ ತಿರುಗಬೇಕು" ಎಂದು ನಾನು ಹೇಳಿದರೆ ಅವರಿಗೆ ನಗು ಬರುತ್ತಿತ್ತು. ನಗುತ್ತಾ ನಗುತ್ತಾ ನಾಚಿಕೆ ಹೋಯಿತು. ಅವರು ನನಗೆ ಅವರ್ಸಾದ ಮಾತು ಕಲಿಸಿದರು.

ಹುಣ್ಣು ಒಣಗುತ್ತಾ ಬಂದಾಗ ಒಂದು ದಿನ ಸಿಸ್ಟರ್ ಅದನ್ನು ನೋಡಿ, ನನ್ನನ್ನು ನೋಡಿ, "ಕೈ ಒಳ್ಳೇದದೆ ನಿಂದು. ಹೆದ್ರೂದಿಲ್ಲ, ಹೇಸೂದಿಲ್ಲ. ಸೈನ್ಸ್ ಓದ್ದವ್ಳು ಬೇರೆ. ಸಿಇಟಿ ಬರ್ದು ಬಿಎಸ್ಸಿ ನರ್ಸಿಂಗ್ ಮಾಡು" ಎಂದರು. ನಾನು ಅಂಕೋಲಾದಲ್ಲಿ ಪಿಯುಸಿ ಮುಗಿಸಿದ್ದೆ, ಆಮೇಲೆ ಮದುವೆ. ಪುಸ್ತಕಗಳು ತವರಿನ ಅಟ್ಟದಲ್ಲಿದ್ದವು. ಮನೆಯಲ್ಲಿ ಕೇಳಿದಾಗ ಗಂಡ ಬೇಡ ಅನ್ನಲಿಲ್ಲ, ಆದರೆ ಅಪ್ಪನನ್ನು ಯಾರು ನೋಡಿಕೊಳ್ಳುವುದು ಎಂದು ಕೇಳಿದರು. ಅತ್ತೆ ಅನ್ನ ಬಡಿಸುತ್ತಿದ್ದವರು ಸೌಟು ಹಿಡಿದೇ "ಬರೀಲಿ" ಎಂದರು. ಅತ್ತೆಯ ಮಾತು ಯಾವಾಗಲೂ ಅಷ್ಟೇ ಉದ್ದ.

ಕಾರವಾರದ ಸರಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕರೆ ಮನೆಯಿಂದಲೇ ಓಡಾಡಬಹುದಿತ್ತು. ಆದರೆ ಅಲ್ಲಿರುವ ಸೀಟುಗಳು ಕೆಲವೇ, ಬೇಕೆನ್ನುವವರು ರಾಜ್ಯದ ಎಲ್ಲ ಕಡೆಯವರು. ಆ ವರ್ಷವಷ್ಟೇ ಪಿಯುಸಿ ಮುಗಿಸಿ, ಕೋಚಿಂಗಿಗೆ ಹೋಗಿ ಬಂದ ಹುಡುಗಿಯರ ಜೊತೆ ನಾನು ಬರೆಯಬೇಕಿತ್ತು. ನನಗೆ ಕೋಚಿಂಗ್ ಇರಲಿಲ್ಲ, ಮಾವನಿದ್ದರು.

ಅವರ ಮಂಚದ ಪಕ್ಕ ಚಾಪೆ ಹಾಸಿ ಗಟ್ಟಿಯಾಗಿ ಓದುತ್ತಿದ್ದೆ. ಪುಸ್ತಕ ಇಂಗ್ಲಿಷಿನದು. ಮಾವ ಶಾಲೆಯ ಮೆಟ್ಟಿಲು ಹತ್ತಿ ಬೇಗನೆ ಇಳಿದವರು. "ಎಂತ ಓದ್ತೆ ನೀ, ನಂಗೂ ಹೇಳು" ಎಂದರು ಒಮ್ಮೆ. ಅವತ್ತು ಹೃದಯದ ಪಾಠ. ರಕ್ತ ಎಲ್ಲಿಂದ ಬರುತ್ತದೆ, ಯಾವ ಕೋಣೆಯಿಂದ ಯಾವ ಕೋಣೆಗೆ ಹೋಗುತ್ತದೆ ಎಂದು ಕನ್ನಡದಲ್ಲಿ ಹೇಳಿದೆ. ಗದ್ದೆಗೆ ನೀರು ಬಿಡುವಾಗ ಒಂದು ಕಡೆ ಕಟ್ಟಿ ಇನ್ನೊಂದು ಕಡೆ ತೆಗೆಯುತ್ತೇವಲ್ಲ, ಹಾಗೆಯೋ ಎಂದು ಕೇಳಿದರು. ಹೌದು, ಹಾಗೆಯೇ ಎಂದೆ. ಮರುದಿನ ನಾನು ಅಡುಗೆಮನೆಯಲ್ಲಿದ್ದಾಗ ಮಂಚದಿಂದ ಕೂಗಿ, ಕೆಟ್ಟ ರಕ್ತ ಮೊದಲು ಯಾವ ಕೋಣೆಗೆ ಬರುತ್ತದೆ ಎಂದು ಕೇಳಿದರು. ನಾನು ತಡವರಿಸಿದೆ. ಅವರಿಗೆ ನೆನಪಿತ್ತು. ಅಲ್ಲಿಂದ ಅವರು ದಿನವೂ ನನಗೆ ಪರೀಕ್ಷೆ ಇಡತೊಡಗಿದರು. ಅವರಿಗೆ ವಿವರಿಸಿ ಹೇಳಲು ಬಾರದ್ದು ನನಗೇ ಅರ್ಥವಾಗಿಲ್ಲ ಎಂದು ನನಗೆ ತಿಳಿಯತೊಡಗಿತು. ಭೌತಶಾಸ್ತ್ರ ಮಾತ್ರ ಅವರಿಗೆ ಸೇರುತ್ತಿರಲಿಲ್ಲ, ನಾನು ಅದನ್ನು ತೆಗೆದರೆ ಕಣ್ಣು ಮುಚ್ಚುತ್ತಿದ್ದರು.

ನರಮಂಡಲದ ಪಾಠ ಬಂದಾಗ ನಾನು ಅದನ್ನು ಮುಂದಕ್ಕೆ ಹಾಕಿದೆ. ಮಾವನ ಬೆನ್ನುಹುರಿ ಕಡಿದಿದೆ, ಇನ್ನು ಅವರು ನಡೆಯುವುದಿಲ್ಲ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ನನ್ನ ಗಂಡನಿಗೆ ಹೇಳಿದ್ದರು. ಗಂಡ, ಅತ್ತೆ ಸೇರಿ ಅದನ್ನು ಮಾವನಿಗೆ ಹೇಳಕೂಡದು ಎಂದು ತೀರ್ಮಾನಿಸಿದ್ದರು. ಮಳೆಗಾಲ ಕಳೆಯಲಿ, ಶಕ್ತಿ ಬರಲಿ ಎಂದೇ ಎಲ್ಲರೂ ಹೇಳುತ್ತಿದ್ದೆವು. ಮಾವ ಮಾತ್ರ, ಘಟ್ಟದ ಮೇಲೆ ಎಣ್ಣೆ ತಿಕ್ಕುವವರೊಬ್ಬರಿದ್ದಾರಂತೆ, ಅಲ್ಲಿಗೆ ಕರೆದುಕೊಂಡು ಹೋಗಿ ಎನ್ನುತ್ತಿದ್ದರು. ಮರ ಹತ್ತುವಾಗ ಕಾಲಿಗೆ ಹಾಕುವ ಹಗ್ಗ, ಕಾಯಿ ಕೊಯ್ಯುವ ಕತ್ತಿ, ಎರಡೂ ಅವರ ಕಣ್ಣೆದುರಿನ ಗೋಡೆಯಲ್ಲಿ ತೂಗುತ್ತಿದ್ದವು.

ಪಾಠ ತಪ್ಪಿಸುವುದು ಅವರಿಗೆ ಗೊತ್ತಾಯಿತು. ಇನ್ನೂ ಮಿದುಳಿನ ವಿಷಯ ಬಂದಿಲ್ಲವಲ್ಲ ಎಂದು ಅವರೇ ಕೇಳಿದರು. ಓದಿದೆ. ಮಿದುಳಿನಿಂದ ಬೆನ್ನಿನೊಳಗೆ ಹುರಿ ಇಳಿಯುತ್ತದೆ, ಕೈಕಾಲಿಗೆ ಹೇಳಿಕಳಿಸುವುದೆಲ್ಲ ಅದರ ಮೂಲಕವೇ ಎಂದೆ. ಅವರು ಸ್ವಲ್ಪ ಹೊತ್ತು ಮಾಡಿನ ಹಂಚು ನೋಡಿದರು.

"ಹಂಗಾರೆ ನಂದು ಆ ಹುರಿಯೇ ಕಡಿದದ್ದಾ?"

"ಹೌದು ಮಾವ."

"ಮತ್ತೆ ಕೂಡ್ತದಾ?"

ಬಾಗಿಲಲ್ಲಿ ಅತ್ತೆ ನಿಂತಿದ್ದರು, ಗದ್ದೆಯಿಂದ ಆಗಷ್ಟೇ ಬಂದವರು, ಕಾಲಿನ ಕೆಸರು ತೊಳೆದಿರಲಿಲ್ಲ. ನನ್ನನ್ನು ನೋಡಿ ಬೇಡ ಎಂಬಂತೆ ತಲೆಯಾಡಿಸಿದರು. ನನಗೆ ಸುಳ್ಳು ಹೇಳಲು ಆಗಲಿಲ್ಲ. ಇಷ್ಟು ದಿನ ನಾನು ಹೇಳಿದ ಪ್ರತಿ ಮಾತನ್ನೂ ನಂಬಿ ನೆನಪಿಟ್ಟುಕೊಂಡವರಿಗೆ ಆ ಒಂದನ್ನು ಹೇಗೆ ತಪ್ಪು ಹೇಳುವುದು?

"ಇಲ್ಲ ಮಾವ. ಎಲುಬು ಮುರಿದ್ರೆ ಕೂಡ್ತದೆ. ಇದು ಕೂಡೂದಿಲ್ಲ. ಎಣ್ಣೆ ತಿಕ್ಕಿದ್ರೂ ಇಲ್ಲ."

ಅತ್ತೆ ಒಳಗೆ ಹೋದರು. ನಾನು ಚಾಪೆಯ ಮೇಲೆಯೇ ಕುಳಿತಿದ್ದೆ. ಓದಲಿಲ್ಲ, ಅಳಲೂ ಇಲ್ಲ, ಎದ್ದು ಹೋಗುವುದು ಸರಿಯಲ್ಲ ಅನಿಸಿತು ಅಷ್ಟೆ. ದೀಪ ಹಚ್ಚುವ ಹೊತ್ತಾದರೂ ಹಾಗೆಯೇ ಕುಳಿತಿದ್ದೆ.

ಮರುದಿನ ಅವರು ಊಟ ಸರಿಯಾಗಿ ಮಾಡಲಿಲ್ಲ. ಅತ್ತೆ ನನ್ನೊಡನೆ ಮಾತಾಡಲಿಲ್ಲ. ಗಂಡ, ನೀನು ಹೇಳಬಾರದಿತ್ತು ಎಂದರು, ಆಮೇಲೆ ತಾವೇ ಹೇಳಬೇಕಿತ್ತು ಎಂದರು. ಅದರ ಮರುದಿನವೂ ಮನೆ ಹಾಗೆಯೇ ಇತ್ತು. ಆಮೇಲೊಂದು ಬೆಳಿಗ್ಗೆ ಮಾವ ಅತ್ತೆಯನ್ನು ಕರೆದು, ಗೋಡೆಯ ಮೇಲಿನ ಹಗ್ಗ, ಕತ್ತಿ ತೆಗೆದು, ಈಗ ಆ ತೋಟಗಳಲ್ಲಿ ಕಾಯಿ ಕೊಯ್ಯುವವನಿಗೆ ಕೊಟ್ಟು ಬಾ ಎಂದರು. ಒಳ್ಳೆಯ ಕತ್ತಿ, ಸುಮ್ಮನೆ ತುಕ್ಕು ಹಿಡಿಯುತ್ತದೆ ಎಂದರು. ಅತ್ತೆ ಸೆರಗಿನಲ್ಲಿ ಸುತ್ತಿ ಒಯ್ದರು. ಅವರು ಬೇಲಿ ದಾಟುವವರೆಗೂ ಕಿಟಕಿಯಲ್ಲಿ ನೋಡುತ್ತಿದ್ದ ಮಾವ ನನ್ನ ಕಡೆ ತಿರುಗಿದರು.

"ಆಸ್ಪತ್ರೆಲಿ ಎಲ್ಲಾರೂ ಎಂತೆಂತದೋ ಹೇಳಿ ಹೊರಗೆ ಹೋಗ್ತಿದ್ರು. ನೀ ಕೂತೇ ಇದ್ದೆ. ಸಿಸ್ಟರಾದ ಮೇಲೂ ಹಂಗೇ ಕೂರು" ಎಂದರು. ಆಮೇಲೆ, "ಮುಂದೆ ಎಂತ ಪಾಠ ಅದೆ?" ಎಂದು ಕೇಳಿದರು.

ಸಂಜೆ ಅತ್ತೆ ನನ್ನ ತಟ್ಟೆಗೆ ಮೀನಿನ ದೊಡ್ಡ ತುಂಡು ಹಾಕಿದರು. ನಮ್ಮ ನಡುವಿನ ಮೌನ ಮುರಿದದ್ದು ಹೀಗೆ.

ಸಿಇಟಿಯನ್ನು ಕಾರವಾರದಲ್ಲಿ ಬರೆದು ಬಂದೆ. ಭೌತಶಾಸ್ತ್ರ ಕಷ್ಟವಿತ್ತು ಎಂದಾಗ ಮಾವ, ತಮಗೆ ಅದು ಮೊದಲೇ ಗೊತ್ತಿತ್ತು ಎನ್ನುವಂತೆ ತಲೆಯಾಡಿಸಿದರು. ಮೊದಲ ಸುತ್ತಿನಲ್ಲಿ ಸೀಟು ಸಿಕ್ಕಿತು, ಆದರೆ ಬಯಲುಸೀಮೆಯ ಯಾವುದೋ ದೂರದ ಊರಿನಲ್ಲಿ. ಆ ಸೀಟು ಇಟ್ಟುಕೊಂಡೇ ಎರಡನೆಯ ಸುತ್ತಿಗೆ ಕಾಯಬಹುದಿತ್ತು. ಕಾರವಾರ ಸಿಗದಿದ್ದರೆ ಅಲ್ಲಿಗೇ ಹೋಗಬೇಕು. ನಾನು ಹಿಂಜರಿದೆ. ಅತ್ತೆ, ಎಲ್ಲಿ ಸಿಕ್ಕರೂ ಹೋಗು, ನಾನು ಗದ್ದೆ ಕೆಲಸ ಅರ್ಧ ದಿನಕ್ಕೆ ಇಳಿಸುತ್ತೇನೆ ಎಂದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಆ ದಿನದಿಂದ ಅವರಿಗೆ ಮಾವನ ಆರೈಕೆ ಕಲಿಸತೊಡಗಿದೆ. ಸೋಪು ಹಚ್ಚಿ ಕೈ ತೊಳೆಯದೆ ಮುಟ್ಟಬಾರದು ಎಂದು ನಾನು ಪದೇ ಪದೇ ಹೇಳಿದರೆ, "ಆಯ್ತು ಅಕ್ಕೋರೆ" ಎನ್ನುತ್ತಿದ್ದರು, ಶಾಲೆಯ ಟೀಚರಿಗೆ ಹೇಳುವ ಹಾಗೆ.

ಎರಡನೆಯ ಸುತ್ತಿನ ಫಲಿತಾಂಶದ ಹೊತ್ತಿಗೆ ನಾವಿಬ್ಬರೂ ಮಾವನನ್ನು ಮಗ್ಗುಲು ಬದಲಿಸುತ್ತಿದ್ದೆವು. ಕಿಟಕಿಯಲ್ಲಿಟ್ಟಿದ್ದ ಫೋನು ಸದ್ದು ಮಾಡಿತು. ನನ್ನ ಎರಡೂ ಕೈ ಅವರ ಬೆನ್ನಿನ ಅಡಿಯಲ್ಲಿದ್ದವು.

"ಹೋಗಿ ನೋಡು, ನಾ ಎಲ್ಲೂ ಬೀಳೂದಿಲ್ಲ" ಎಂದರು ಮಾವ.

ನಾನು ಬಿಡಲಿಲ್ಲ. ಪೂರ್ತಿ ತಿರುಗಿಸಿ, ಮಂಡಿಗಳ ನಡುವೆ ದಿಂಬು ಇಟ್ಟು, ಬಟ್ಟೆಯ ಸುಕ್ಕು ಬಿಡಿಸಿ, ಕೈ ತೊಳೆದು ಬಂದು ಫೋನು ತೆಗೆದೆ. ಸಿಗ್ನಲ್ ಸಾಲದೆ ಅಂಗಳದ ಮೂಲೆಗೆ ಹೋದೆ. ಪುಟ ನಿಧಾನವಾಗಿ ತೆರೆದುಕೊಂಡಿತು. ಕಾರವಾರ ಎಂದಿತ್ತು. ಮತ್ತೊಮ್ಮೆ ಓದಿದೆ. ಒಳಗೆ ಬಂದು ಹೇಳಲು ಬಾಯಿ ತೆರೆದರೆ ಕೊಂಕಣಿ ಬಂತು. "ಮೆಳ್ಳೆಂ" ಎಂದೆ, ಸಿಕ್ಕಿತು ಎಂದು. ಇಬ್ಬರಿಗೂ ಅರ್ಥವಾಯಿತು. ಗೋಡೆಯ ಕಡೆ ತಿರುಗಿ ಮಲಗಿದ್ದ ಮಾವನಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಈಗಷ್ಟೇ ತಿರುಗಿಸಿದ್ದು ಸಾಕು, ಮತ್ತೆ ಈ ಕಡೆ ತಿರುಗಿಸಿ ಎಂದರು. ತಿರುಗಿಸಿದೆವು. ಅವರ ಕಣ್ಣು ಒದ್ದೆಯಾಗಿತ್ತು. ಅತ್ತೆ ಯಾರಿಗೋ ಹೇಳಿ ಬರಲು ಚಪ್ಪಲಿ ಕೂಡ ಮೆಟ್ಟದೆ ಹೊರಟರು. ಅವರು ಮರಳುವುದರೊಳಗೆ ಕೇರಿಗೆಲ್ಲ ಸುದ್ದಿ ಮುಟ್ಟಿತ್ತು.

ಕಾಲೇಜಿನ ಮೊದಲ ದಿನ ಗಂಡ ರಜೆ ಹಾಕಿ ಬೈಕಿನಲ್ಲಿ ಬಿಟ್ಟು ಬಂದರು. ತರಗತಿಯಲ್ಲಿ ಎಲ್ಲರೂ ನನಗಿಂತ ಚಿಕ್ಕವರು. ನನ್ನ ಕರಿಮಣಿ ನೋಡಿ ಒಬ್ಬಳು ನಾನು ಟೀಚರೋ ಎಂದು ಕೇಳಿದಳು. ಮಧ್ಯಾಹ್ನ ಅತ್ತೆ ಫೋನು ಮಾಡಿದರು. ಬೆನ್ನು ಕೆಂಪಾಗಿಲ್ಲ, ಚೀಲ ಖಾಲಿ ಮಾಡಿದೆ, ಕೈ ತೊಳೆದೆ ಎಂದು ವರದಿ ಒಪ್ಪಿಸಿದರು. ಹಿಂದಿನಿಂದ ಮಾವನ ದನಿ, ಇವತ್ತು ಯಾವ ಪಾಠ ಆಯಿತು ಎಂದು. ಪಾಠ ಶುರುವಾಗಿಲ್ಲ, ಬರೀ ಪರಿಚಯ ಎಂದೆ.

"ಬರೀ ಪರಿಚಯಕ್ಕೆ ಅಷ್ಟು ದೂರ ಕರ್ದರಾ?" ಎಂದರು ಮಾವ. ಅವರಿಗೆ ನಿಜಕ್ಕೂ ಬೇಸರವಾಗಿತ್ತು.